ಎಡಗಡೆಯ ಗುಂಡಿ

"ಏ ಕಾನಡ್ಯಾ! ಟ್ಯೂಬ್ ಕಾಢ್, ಭಡವ್ಯಾ! ಸಾಹೇಬ್ ಆಲಾ!"

ಸೂಪರ್‌ವೈಜರ್ ತುಕಾರಾಮ ಮರಾಠಿಯಲ್ಲಿ ಒದರಿ ನನ್ನ ಬೆನ್ನಿಗೆ ಗುದ್ದಿದ. ಕನ್ನಡದವರೆಲ್ಲ ಅವನಿಗೆ 'ಕಾನಡ್ಯಾ'. ಪ್ರೆಸ್ಸಿನ ಎಡಗಡೆಯ ಗುಂಡಿಗೆ ಬಿಗಿದಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಚ್ಚಿ ಕಿಸೆಗೆ ತುರುಕಿದೆ. ನಾಸಿಕದ ಅಂಬಡ್‌ನ ಈ ಕಾರ್ಖಾನೆಯಲ್ಲಿ ಯಾವ ಸಾಹೇಬ ಬಂದರೂ ಹೀಗೇ. ಅವರು ಚಹಾ ಕುಡಿದು ಹೋದಮೇಲೆ ಮತ್ತೆ ಕಟ್ಟುವುದು.

ಮಿಷಿನ್ನಿಗೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಕಬ್ಬಿಣ ಬೀಳಬೇಕು, ಆಗ ಎರಡೂ ಕೈ ಹೊರಗೇ ಇರುತ್ತವೆ. ಮಾಡಿದವನು ಬುದ್ಧಿವಂತನೇ. ಆದರೆ ಹಾಗೆ ಒತ್ತುತ್ತ ಕೂತರೆ ತುಕಾರಾಮ ಕೇಳುವಷ್ಟು ಮಾಲು ತಯಾರಾಗುವುದಿಲ್ಲ. ಅದಕ್ಕೇ ಎಡಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಟ್ಯೂಬು ಕಟ್ಟಿಸುತ್ತಾನೆ. ಎಡಗೈ ತಗಡು ಇಡಬೇಕು, ಬಲಗೈ ಒತ್ತಬೇಕು. ಮೂರು ತಿಂಗಳ ಹಿಂದೆ ನಮ್ಮ ಶಿವರಾಯನ ಎಡಗೈಯ ನಾಲ್ಕು ಬೆರಳು ತಗಡಿನ ಜೊತೆಗೇ ಹೋದವು.

ಅವನೂ ನಾನೂ ಬೀದರ್ ಕಡೆಯವರು, ಒಂದೇ ಖೋಲಿಯಲ್ಲಿ ರೊಟ್ಟಿ ಬಡಿದುಕೊಂಡು ಇದ್ದವರು. ಅವತ್ತು ಅವನು ಚೀರಿದಾಗ ಮೊದಲು ಓಡಿದವನು ನಾನೇ. ಹಿಂದಿನಿಂದ ತುಕಾರಾಮ "ಟ್ಯೂಬ್! ಟ್ಯೂಬ್!" ಎಂದು ಕೂಗಿದ. ಶಿವರಾಯನನ್ನು ಹಿಡಿಯುವ ಮೊದಲೇ ನನ್ನ ಕೈ ಟ್ಯೂಬು ಬಿಚ್ಚಿತ್ತು. ರೂಢಿ ಬಿದ್ದ ಕೈ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಎರಡು ಗುಂಡಿಯ ಮಿಷಿನ್ನಿನಲ್ಲಿ ಕೈ ಸಿಗಲಾರದು, ಇವನು ಕುಡಿದು ಹೊರಗೆಲ್ಲೋ ಕಡಿಸಿಕೊಂಡು ಬಂದಿದ್ದಾನೆ ಎಂದು ಕಂಪನಿ ನಾಸಿಕದ ಕಾರ್ಮಿಕ ಕೋರ್ಟಿಗೆ ಬರೆದುಕೊಟ್ಟಿತು. ನೆಲದ ರಕ್ತವನ್ನು ಸೀಮೆಎಣ್ಣೆ ಹಾಕಿ ಒರೆಸಿದವರೂ ನಾವೇ. ಮಿಷಿನ್ ಪರೀಕ್ಷೆ ಮಾಡಲು ಕೋರ್ಟು ಒಬ್ಬ ಎಂಜಿನಿಯರನ್ನು ನೇಮಿಸಿತ್ತು. ಅವರು ಬರೆದದ್ದೇ ತೀರ್ಪು.

ಇವತ್ತು ಬಂದ ಸಾಹೇಬ ಅವರೇ, ಎಂಜಿನಿಯರ್ ಬಿಂದುಮಾಧವರಾಯರು, ಧಾರವಾಡದವರು. ಪರೀಕ್ಷೆಗೆ ಶಿವರಾಯನನ್ನೂ ಕರೆಸಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ಶಿವರಾಯನ ಮುಖ ಅರಳಿತು, ಪಾಪ. ಇನ್ನೂ ಮಾಯದ, ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಹತ್ತಿರ ಬಂದ.

"ಸಾಹೇಬ್ರ, ಗುಂಡಿಗಿ ಟ್ಯೂಬ್ ಕಟ್ಟಿದ್ರರೀ. ಬಸವಣ್ಣನ ಆಣಿ ಅದ."

"ನಾ ಮಂದಿ ಹೇಳಿದ್ದು ಬರಕೊಳ್ಳೂದಿಲ್ಲಪಾ. ಅಳತಿ ಮಾಡತೇನಿ, ನಡಿಸಿ ನೋಡತೇನಿ. ಕಂಡಿದ್ದಷ್ಟ ಬರೀತೇನಿ. ಸ್ವಲ್ಪ ದೂರ ನಿಂದ್ರು, ಗಾಯದ ವಾಸನಿ ಬರಲಿಕ್ಕತ್ತದ."

ಶಿವರಾಯ ಗೋಡೆಗೆ ಸರಿದು ನಿಂತ.

ರಾಯರು ಟೇಪು ಹಿಡಿದು ಗುಂಡಿಗಳ ನಡುವಿನ ಅಂತರ ಅಳೆದರು. ಕಬ್ಬಿಣ ಬೀಳುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ನೋಡಿದರು. ನಡೆಸಿ ತೋರಿಸಲು ತುಕಾರಾಮ ನನ್ನನ್ನೇ ಮುಂದೆ ನೂಕಿದ. ಬಾಯಿ ಬಿಟ್ಟರೆ ನಾಳೆಯಿಂದ ಕೆಲಸವಿಲ್ಲ ಎಂದು ಕಿವಿಯಲ್ಲಿ ಹೇಳಿಯೇ ನೂಕಿದ್ದು.

ಎರಡೂ ಗುಂಡಿ ಒತ್ತಿದೆ. ಕಬ್ಬಿಣ ಬಿತ್ತು. ಹತ್ತು ಸಲ ಹಾಗೇ ಮಾಡಿಸಿದರು. ಆಮೇಲೆ ಬಲಗಡೆಯದೊಂದನ್ನೇ ಒತ್ತು ಎಂದರು. ಕಬ್ಬಿಣ ಅಲುಗಲಿಲ್ಲ.

"ನೋಡಪಾ ಶಿವರಾಯ, ಒಂದ ಕೈಲೆ ನಡಿಯೂದ ಇಲ್ಲ ಇದು. ಕೈ ಒಳಗ ಸಿಗೂದು ಶಕ್ಯ ಇಲ್ಲ." ರಾಯರು ಪೆನ್ನಿನ ಮುಚ್ಚಳ ತೆಗೆದರು.

"ಸಾಲಾ ದಾರುಡ್ಯಾ," ಎಂದು ಕುಡುಕನನ್ನು ಹಂಗಿಸುವಂತೆ ತುಕಾರಾಮ ನಕ್ಕ.

ಶಿವರಾಯ ಅವರಿಬ್ಬರನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಿಸೆಯಿಂದ ಟ್ಯೂಬು ತೆಗೆದೆ. ಅವತ್ತಿನದೇ ಟ್ಯೂಬು ಅದು. ಎಷ್ಟು ತೊಳೆದರೂ ಒಂದು ಅಂಚು ಕಂದಾಗಿಯೇ ಉಳಿದಿದೆ. ಎಡಗುಂಡಿಗೆ ಸುತ್ತಿ ಗಂಟು ಹಾಕಲು ಎರಡು ಉಸಿರು ಸಾಕು, ದಿನಾ ಮಾಡುವ ಕೆಲಸ. ಬಲಗುಂಡಿ ಒಂದನ್ನೇ ಒತ್ತಿದೆ. ಕಬ್ಬಿಣ ಧಡ್ ಎಂದು ಬಿದ್ದು ಮೇಲೆದ್ದಿತು.

ತುಕಾರಾಮ ಹಾರಿ ಬಂದ. ಅಷ್ಟರಲ್ಲಿ ನನ್ನ ಎಡಗೈ ಕಬ್ಬಿಣದ ಕೆಳಗಿತ್ತು, ಬಲಗೈಯ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಮುಂದ ಬಂದಿ ಅಂದ್ರ ಒತ್ತತೀನಿ, ಸೂಳೇಮಗನ!"

ಅವನು ಅಲ್ಲೇ ನಿಂತ.

"ಸಾಹೇಬ್ರ, ಕಂಡಿದ್ದಷ್ಟೇ ಬರೀತೀನಂದ್ರಿ. ಕಾಣ್ತದ ಇಲ್ಲೋ ಈಗ? ಟ್ಯೂಬ್ ಬರೀರಿ. ಅದನ್ನ ಬಿಚ್ಚಿದಾವ ನಾನು, ರಾಚಪ್ಪ, ಅಂತಾನೂ ಬರೀರಿ. ಬರೀಲಿಲ್ಲಂದ್ರ ಇಲ್ಲೇ ಒತ್ತತೀನಿ."

"ರಾಚ್ಯಾ, ಬ್ಯಾಡಲೇ!" ಶಿವರಾಯ ಗೋಡೆ ಬಿಟ್ಟು ಬಂದ. "ನಂದು ಹೋಗ್ಯಾದ, ಹೋಗ್ಲಿ. ಕೈ ತೆಗಿಯೋ!"

ತೆಗೆಯಲಿಲ್ಲ. ರಾಯರ ಪೆನ್ನು ಕಾಗದದ ಮೇಲೆ ನಿಂತಿತ್ತು. ಅವರು ತಲೆಯೆತ್ತಿ ನನ್ನ ಕೈ ನೋಡಿದರು, ಆಮೇಲೆ ತುಕಾರಾಮನ ಮುಖ ನೋಡಿದರು. ನಾನು ಎಡಗೈಯನ್ನು ಕಬ್ಬಿಣದ ಕೆಳಗೆ ಇನ್ನೊಂದು ಬೆರಳಷ್ಟು ಒಳಗೆ ಸರಿಸಿದೆ.