ಷಡ್ಡಕನ ಬಾಡಿಗೆ ಕೋಣೆಗಳು

ಷಡ್ಡಕ ಕೆಲಸ ಕಳೆದುಕೊಂಡಾಗ ಕ್ಷೌರಿಕ ಅವನ ಹೆಗಲ ಮೇಲೆ ಕೈಯಿಟ್ಟು ಮನಸಾರೆ ಸಮಾಧಾನ ಹೇಳಿದ್ದ. ಇಬ್ಬರ ಹೆಂಡತಿಯರೂ ಒಡಹುಟ್ಟಿದ ಅಕ್ಕತಂಗಿಯರು. ಮಾವನ ಮನೆಯಲ್ಲಿ ಅಳಿಯಂದಿರನ್ನು ತೂಗಿ ನೋಡುವಾಗ ಸ್ವಂತ ಅಂಗಡಿ, ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ ಇದ್ದ ಕ್ಷೌರಿಕನ ತಟ್ಟೆಯೇ ಯಾವಾಗಲೂ ಕೆಳಗೆ ಜಗ್ಗುತ್ತಿತ್ತು. ಗೋದಾಮಿನಲ್ಲಿ ಮಂಚ, ಬೀರು ಹೊರುತ್ತಿದ್ದ ಷಡ್ಡಕನನ್ನು ಕಂಡು ಅಯ್ಯೋ ಪಾಪ ಎನ್ನುವುದೂ ಅವನಿಗೊಂದು ಸುಖವೇ.

ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಲಿಫ್ಟಿಲ್ಲದ ಕಟ್ಟಡದ ತುತ್ತತುದಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ದೊಡ್ಡ ಅಪಾರ್ಟ್‌ಮೆಂಟನ್ನು ಷಡ್ಡಕ ಕರಾರು ಮಾಡಿಕೊಂಡು ಹಿಡಿದ. ಗೋಡೆಗೆ ಬಣ್ಣ ಬಳಿದ. ಗೋದಾಮಿನವರು ಎಸೆಯಲಿದ್ದ ಮಂಚಗಳಿಗೆ ಕಾಲು ಜೋಡಿಸಿದ. ಒಂದೊಂದು ಕೋಣೆಯನ್ನೂ ಒಬ್ಬೊಬ್ಬರಿಗೆ ಬಾಡಿಗೆಗೆ ಬಿಟ್ಟ. ಮನೆಯ ಮಾಲೀಕನಿಗೆ ಕೊಡುವುದನ್ನು ಕೊಟ್ಟ ಮೇಲೂ ಅವನ ಕೈ ಬೆಚ್ಚಗೇ ಇರುತ್ತಿತ್ತು.

ಆ ಕೋಣೆಗಳ ಗಂಡಸರೆಲ್ಲ ಕೂದಲು ಕತ್ತರಿಸಿಕೊಳ್ಳಲು ಕ್ಷೌರಿಕನ ಅಂಗಡಿಗೇ ಬರುತ್ತಿದ್ದರು.

"ನಿಮ್ಮ ಷಡ್ಡಕರು ಬಂಗಾರದಂಥ ಮನುಷ್ಯ ಕಣ್ರೀ," ಎಂದ ಬಸ್ ಡ್ರೈವರ್. "ನಂಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ರು."

"ತಲೆ ಅಲ್ಲಾಡಿಸಬೇಡಿ," ಎಂದ ಕ್ಷೌರಿಕ.

ಮನೆಗೆ ಹೋದರೆ ಹೆಂಡತಿಯದೂ ಅದೇ ರಾಗ. "ಭಾವನಿಗೆ ಹೊಳೆದಿದ್ದು ನಿಮಗ್ಯಾಕೆ ಹೊಳೀಲಿಲ್ಲ?" ಅವನು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

ಆ ಅಪಾರ್ಟ್‌ಮೆಂಟಿನ ಮಾಲೀಕನೂ ಅವನ ಗಿರಾಕಿಯೇ. ಒಂದು ಬೆಳಿಗ್ಗೆ ಮಾಲೀಕನ ಕೆನ್ನೆಗೆ ನೊರೆ ಹಚ್ಚುತ್ತ ಕ್ಷೌರಿಕ ಬಾಯಿಬಿಟ್ಟ. "ನೀವು ಒಬ್ಬನಿಗೆ ಮನೆ ಕೊಟ್ರೆ ಅವನು ಊರಿಗೆಲ್ಲ ಹಂಚಿದಾನೆ ಸಾರ್. ಹೋಗಿ ನೋಡಿ, ಕೋಣೆಗೊಬ್ಬರು."

ಮಾಲೀಕ ಮುಖ ಒರೆಸಿಕೊಂಡ ಮೇಲೆ, "ಎಲ್ಲಾ ಕೋಣೆ ತುಂಬಿದ್ಯಾ?" ಎಂದು ಮಾತ್ರ ಕೇಳಿದ.

"ತುಂಬಿ ತುಳುಕ್ತಿದೆ."

ಇನ್ನೇನು ಷಡ್ಡಕನ ಗಂಟುಮೂಟೆ ಬೀದಿಗೆ ಬೀಳುತ್ತದೆ ಎಂದು ಕ್ಷೌರಿಕ ಕಾದ. ಮನೆಗೆ ಬಂದದ್ದು ಸಿಹಿ ಪೊಟ್ಟಣ ಹಿಡಿದ ಷಡ್ಡಕ. ಬಾಗಿಲಲ್ಲೇ ತಬ್ಬಿಕೊಂಡ.

"ದೊಡ್ಡ ಮನಸ್ಸಯ್ಯ ನಿಂದು! ಓನರ್ ಮೆಟ್ಟಿಲು ಹತ್ತಿ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಕೋಣೆ ಕೋಣೆ ನೋಡಿದ್ರು. ಕೆಳಗೆ ಖಾಲಿ ಬಿದ್ದಿರೋ ಎರಡು ಮನೆನೂ ನೀನೇ ನಡೆಸು ಅಂದ್ರು. ನಿಮಗೆ ಹೇಳಿದ್ಯಾರು ಅಂದ್ರೆ, ನಿನ್ನ ಷಡ್ಡಕನೇ ಅಂದ್ರು!"

ಕ್ಷೌರಿಕನಿಗೆ ಬೈಗುಳ ತಿಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಒಂದು ಮನೆ ನೀನು ನೋಡ್ಕೋ," ಎಂದ ಷಡ್ಡಕ.

"ಕೈಕಸುಬು ಇರೋನಿಗೆ ಅಂಥಾ ದರ್ದಿಲ್ಲ."

ಒಳಗಿನಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ಹಾಗಾದ್ರೆ ನಂಗೆ ಕೊಡಿ ಭಾವ. ಎಣ್ಣೆ ಬಂದಾಗ ಕಣ್ಣು ಮುಚ್ಕೊಳ್ಳೋ ಪೈಕಿ ನಾನಲ್ಲ."

ತಮಾಷೆಯೆಂದು ಕ್ಷೌರಿಕ ನಕ್ಕ. ಅವಳು ನಗಲಿಲ್ಲ.

ಅವಳು ಸೋತು ಬರಲೆಂದು ಕಾದದ್ದೂ ವ್ಯರ್ಥವಾಯಿತು. ಕೋಣೆಗಳು ತುಂಬಿದವು. ಅವಳು ಮನೆಗೆ ಬರುವುದು ತಡವಾಗತೊಡಗಿತು. ಕಡೆಗೊಂದು ಸಂಜೆ ಅಂಗಡಿ ಬೇಗ ಮುಚ್ಚಿ ಅವನೇ ಅಲ್ಲಿಗೆ ಹೋದ.

ಅಡುಗೆಮನೆಯಲ್ಲಿ ನರ್ಸೊಬ್ಬಳಿಗೂ ಬೇಕರಿಯವನಿಗೂ ಒಲೆಯ ಸರದಿಗಾಗಿ ಜಗಳ ನಡೆದಿತ್ತು. ನಡುವೆ ಸೌಟು ಹಿಡಿದು ನಿಂತಿದ್ದ ಅವನ ಹೆಂಡತಿ ಏನೋ ಅಂದಳು. ಜಗಳವಾಡುತ್ತಿದ್ದವರಿಬ್ಬರೂ ಕಿಸಕ್ಕೆಂದರು. ಅವಳು ಕತ್ತು ಹಿಂದಕ್ಕೆ ಚೆಲ್ಲಿ ಗೋಡೆ ಅದುರುವಂತೆ ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಆ ನಗೆಯನ್ನು ಕ್ಷೌರಿಕ ಕೇಳಿಯೇ ಇರಲಿಲ್ಲ. ಆ ಒಲೆಯ ಮೇಲೆ, ಸೌಟಿನ ಮೇಲೆ, ಬೇಕರಿಯವನ ಮೇಲೆ ಅವನಿಗೆ ಎಲ್ಲಿಲ್ಲದ ಹೊಟ್ಟೆಕಿಚ್ಚು ಬಂತು.

"ಅರೆ, ಬಂದ್ರಾ? ಇವರು ನಮ್ಮ ಮನೆಯವರು," ಎಂದಳು. ಬೇಕರಿಯವನು ಕುರ್ಚಿ ಎಳೆದುಕೊಟ್ಟ, ನೆಂಟರಿಗೆ ಕೊಡುವ ಹಾಗೆ.

"ಹೋಗೋಣ್ವಾ?"

"ನೀವು ನಡೀರಿ. ಹೊಸಬಳೊಬ್ಬಳು ಬರ್ತಿದಾಳೆ, ಕೋಣೆ ಸಜ್ಜು ಮಾಡ್ಬೇಕು."

ಮೆಟ್ಟಿಲ ತಿರುವಿನಲ್ಲಿ ಷಡ್ಡಕ ಹಾಸಿಗೆಯೊಂದನ್ನು ಎಳೆದುಕೊಂಡು ಏದುಸಿರು ಬಿಡುತ್ತಿದ್ದ. "ನಿನ್ನ ಹೆಂಡ್ತಿ ಕೆಲಸಾನೇ ಕಣಯ್ಯ ಇದು. ನಂಗೇ ಆಜ್ಞೆ ಮಾಡ್ತಾಳೆ."

ಕ್ಷೌರಿಕ ಅವನ ಬೆವರಿದ ಮುಖ ನೋಡಿದ. ಅಲ್ಲಿ ಅಸೂಯೆ ಪಡುವಂಥದ್ದೇನೂ ಕಾಣಲಿಲ್ಲ. ಅಂಗಿಯ ತೋಳು ಮಡಚಿ ಹಾಸಿಗೆಯ ಇನ್ನೊಂದು ತುದಿ ಹಿಡಿದ.

"ಎತ್ತು," ಎಂದು ಮತ್ತೆ ಮೇಲೆ ಹತ್ತಿದ.