ಮೋತಿ ಕಚ್ಚಿತ್ತು

ನಾನು ಮೂರು ವರ್ಷದವಳಿದ್ದಾಗ ಮನೆಯ ನಾಯಿ ಮೋತಿ ನನ್ನ ಕಾಲು ಕಚ್ಚಿತ್ತೆಂದು ಖಾನಾಪುರದ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನನಗೆ ನೆನಪಿರಲಿಲ್ಲ. ಮೀನಖಂಡದ ಮೇಲೆ ಬಾಗಿದ ಕಲೆಯಂತೂ ಇತ್ತು. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿ ಅಕ್ಕಾತಾಯಿ ಅದಕ್ಕೆ ಎಣ್ಣೆ ಸವರುತ್ತ, "ಮುಂಡೇದು, ಹ್ಯಾಂಗ ಹರದೈತಿ ನೋಡ" ಎಂದು ನಾಯಿಯನ್ನು ಬೈಯುತ್ತಿದ್ದಳು. ಎಲ್ಲೋ ನಾಯಿ ಬೊಗಳಿದರೂ ನನ್ನ ಕಾಲು ನಿಂತಲ್ಲೇ ನಿಲ್ಲುತ್ತಿತ್ತು.

೧೯೨೬ರಲ್ಲಿ ಓದಿಗಾಗಿ ಬೆಳಗಾವಿಯ ಟಿಳಕವಾಡಿಯಲ್ಲಿ ಬಾಪುಸಾಹೇಬ ಮಾಮಾನ ಮನೆ ಸೇರಿದೆ. ಓಣಿಯ ತುದಿಯಲ್ಲಿ ಬಸಲಿಂಗಪ್ಪಜ್ಜನ ಕಂದು ನಾಯಿ ಮಲಗಿರುತ್ತಿತ್ತು. ಮಾಮಾ ದಿನವೂ ಅದರ ಬದಿಗೆ ತಾನು ನಡೆದು ನನ್ನನ್ನು ಶಾಲೆಗೆ ಮುಟ್ಟಿಸುತ್ತಿದ್ದ. ಅಜ್ಜನೂ ನಮ್ಮನ್ನು ಕಂಡೊಡನೆ ಎಲೆಅಡಿಕೆ ಚೀಲ ಕೆಳಗಿಟ್ಟು ನಾಯಿಯ ಕೊರಳು ಹಿಡಿದುಕೊಳ್ಳುತ್ತಿದ್ದ. ದೀಪಾವಳಿಯ ಹೊತ್ತಿಗೆ ಮಾಮಾನ ಕಚೇರಿಯ ವೇಳೆ ಬದಲಾಯಿತು.

"ಕಾಂತಾ, ಸೋಮವಾರದಿಂದ ಒಬ್ಬಾಕಿನ ಹೋಗಬೇಕವಾ. ಆಗಂಗಿಲ್ಲಂದ್ರ ವಾಪಸ್ ಖಾನಾಪುರಕ್ಕ. ಸಾಲಿ ಬಂದ್."

ಅದೇ ವಾರ ಶಾಲೆಯ ನಲ್ಲಿಯಲ್ಲಿ ಕಾಲು ತೊಳೆಯುವಾಗ ಗೆಳತಿ ಮಾಯಕ್ಕ ನನ್ನ ಕಲೆ ನೋಡಿದಳು. ನಾಯಿ ಕಚ್ಚಿದ್ದು ಎಂದೆ. ಅವಳು ನಕ್ಕು ತನ್ನ ಪರಕಾರದ ನೆರಿಗೆಯನ್ನು ಕಾಲ ಮೇಲಿಂದ ತುಸು ಎತ್ತಿದಳು. ಅಂಥದೇ ಬಾಗಿದ ಕಲೆ!

"ನಿಮ್ಮೂರಾಗ ನಾಯಿಗೋಳು ಬಳಿಚೂರ ಕಾಸಿ ಕಚ್ಚತಾವೇನ? ಇದು ಸುಟ್ಟ ಬರಿ, ಹುಚ್ಚಿ. ಜ್ವರ ಬಂದಾಗ ನಮ್ಮವ್ವ ಗಾಜಿನ ಬಳಿಚೂರ ಕಾಸಿ ಇಟ್ಟಿದ್ಲು."

ಶನಿವಾರ ಮಾಮಾನೊಂದಿಗೆ ರೈಲಿನಲ್ಲಿ ಊರಿಗೆ ಹೋದೆ. ಅಜ್ಜಿ ಬಟ್ಟೆಯಲ್ಲಿ ನೀರು ಸೋಸುತ್ತಿದ್ದಳು. ನಾನು ಕಲೆಯ ವಿಷಯ ಕೇಳಿದೊಡನೆ ಅವಳ ಕೈ ನಿಂತಿತು.

"ಜ್ವರ ನೆತ್ತಿಗೇರಿತ್ತವಾ. ಬರಿ ಕೊಟ್ಟ ಮ್ಯಾಲ ನನ್ನ ಕಂಡ್ರ ಚೀರತಿದ್ದಿ. ನನ್ನ ಕೈಯಾಗಿನ ಹಾಲ ಸೈತ ಕುಡೀತಿದ್ದಿಲ್ಲ. ನಾಯಿ ಕಚ್ಚೇತಿ ಅಂತ ಹೇಳಿದೆ."

"ಮೋತಿ ಏನ ಮಾಡಿತ್ತು?"

"ಏನೂ ಇಲ್ಲ. ಬರಿ ಇಡೂಮುಂದ ನನ್ನ ಸೀರಿ ಹಿಡದ ಜಗ್ಗಿತ್ತು. ಆಮ್ಯಾಲ ನೀ ಅದಕ್ಕ ಅಂಜಾಕ ಹತ್ತಿದಿ. ಗಾಡ್ಯಾಗ ಕಟ್ಟಿ ಕಾಡಿಗೆ ಬಿಟ್ಟ ಬರಾಕ ಕಳಿಸಿದ್ವಿ."

ಸೋಸಿದ ಬಟ್ಟೆಯಲ್ಲಿ ಉಳಿದ ಹುಳ ಸಾಯಬಾರದೆಂದು ಅದನ್ನು ಮತ್ತೆ ಬಾವಿಯಲ್ಲೇ ಜಾಡಿಸುವವಳು ನನ್ನ ಅಜ್ಜಿ.

"ನನ್ನ ಸಲುವಾಗಿ ಜಗ್ಗಿದ್ದು ಅದೊಂದ. ಅದರ ಹೆಸರನ ಹೇಳಿದ್ಯಲ್ಲ, ಅಜ್ಜಿ."

"ಮತ್ತೇನ ಮಾಡ್ಲಿ? ನನ್ನ ಬಿಟ್ರ ನಿನಗ ಯಾರಿದ್ರು?"

ಸೂರ್ಯ ಮುಳುಗುವ ಮೊದಲು ಅವಳು ರೊಟ್ಟಿಗೆ ಎಂದಿಗಿಂತ ಹೆಚ್ಚು ತುಪ್ಪ ಸುರಿದಳು. ತಲೆ ತಗ್ಗಿಸಿ ತಿಂದೆ.

ಸೋಮವಾರ ಬಸಲಿಂಗಪ್ಪಜ್ಜ ಎಂದಿನಂತೆ ನಾಯಿಯನ್ನು ಹಿಡಿದು ಕೂತಿದ್ದ.

"ಬಿಡ್ರಿ ಅಜ್ಜಾರ ಅದನ್ನ."

"ಅಂಜಿಕಿ ಹೋತೇನವಾ?"

"ಇಲ್ಲರಿ. ಬಿಡ್ರಿ."

ನಾಯಿ ಬಂದು ನನ್ನ ಪರಕಾರದ ಅಂಚು ಮೂಸಿತು. ಅದರ ಬಿಸಿ ಉಸಿರು ಪಾದಕ್ಕೆ ತಗುಲಿತು. ಪಾಟಿಚೀಲ ಎದೆಗವಚಿ ನಿಂತೆ, ಓಡಲಿಲ್ಲ. ಅದು ಆಕಳಿಸಿ ತಿರುಗಿ ಹೋಯಿತು. ನಾನು ಓಣಿ ದಾಟುವ ತನಕ ಅಜ್ಜ ಬೀದಿಯಲ್ಲೇ ನಿಂತಿದ್ದ.

ನಾಯಿಗಳ ಭಯ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕಳೆಯಿತು. ಅಜ್ಜಿ ಇನ್ನೂ ಬಹಳ ವರ್ಷ ಬದುಕಿ ನನ್ನನ್ನು ಮೊದಲಿನಷ್ಟೇ ಪ್ರೀತಿಸಿದಳು. ಆದರೆ ಅವಳು "ಹೊರಗ ಮಳಿ ಹತ್ತೇತಿ" ಎಂದರೂ, ನಾನು ಬಾಗಿಲ ತನಕ ಹೋಗಿ ನೋಡಿ ಬರುತ್ತಿದ್ದೆ.