ಕೆನೆ ಬಣ್ಣದ ಉಡುಪು

ತಿಂಗಳ ಮೊದಲ ಭಾನುವಾರ ನಾನು ಇಸ್ತ್ರಿ ಮಾಡಬೇಕಾದ ಬಿಳಿ ಉಡುಪುಗಳು ನಲವತ್ತೊಂದು. ಎಲ್ಲವನ್ನೂ ಹ್ಯಾಂಗರಿಗೆ ಹಾಕಿ, ನೆಲಮಾಳಿಗೆಯ ಸರಳಿಗೆ ಸಾಲಾಗಿ ತೂಗುಹಾಕಿ ಎಣಿಸಿದರೆ ನಲವತ್ತೆರಡಾಗುತ್ತವೆ.

ಕಳೆದ ಮಾರ್ಚಿನಲ್ಲಿ ಮೊದಲ ಸಲ ಹಾಗಾದಾಗ ಎಣಿಕೆ ತಪ್ಪಿತೆಂದುಕೊಂಡೆ. ಒಲೆಯ ಮೇಲೆ ಟೊಮ್ಯಾಟೊ ಸೂಪ್ ಇಟ್ಟು ಬಂದಿದ್ದೆ, ಮನಸ್ಸು ಅಲ್ಲಿತ್ತು. ಮತ್ತೆ ಎಣಿಸಿದೆ. ಕೊನೆಯ ಉಡುಪನ್ನು ಮುಟ್ಟಿದರೆ ಅಂಚು ಒದ್ದೆ, ಹಿಮ ಕರಗಿದಷ್ಟು ತಣ್ಣಗಿತ್ತು. ಯಾರದೆಂದು ಕೇಳೋಣ ಎಂದು ಮೇಲೆ ತಂದೆ. ಅಡುಗೆಮನೆಯ ಬೆಳಕಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿ ಬರೀ ಹ್ಯಾಂಗರ್ ಇತ್ತು.

ಅದು ಯಾರ ಉಡುಪೆಂದು ಆಗ ನನಗೆ ಗೊತ್ತಾಯಿತು. ಗೊತ್ತಿದ್ದೂ ಒಂದು ವರ್ಷ ಬಾಯಿ ಬಿಡಲಿಲ್ಲ.

ಈ ಕಾಲೇಜಿನ ಹುಡುಗಿಯರ ಸಂಘದವರು ಒಟ್ಟಿಗೆ ಇರುವ ಮನೆಗೆ ನಾನು ಹತ್ತೊಂಬತ್ತು ವರ್ಷದಿಂದ ಮನೆಯಮ್ಮ. ಹುಡುಗಿಯರು ‘ಮಾಮ್ ವರ್ನಾ’ ಎನ್ನುತ್ತಾರೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳು, ಕಿತ್ತ ಗುಂಡಿ ಹೊಲಿಯುವವಳು ನಾನೇ. ಆದರೆ ಸಂಘದವಳಲ್ಲ. ಸಭೆಯ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂರುವುದಷ್ಟೇ ನನ್ನ ಪಾಲು. ಉಳಿದ ವಾರಗಳ ಸಭೆಗೆ ಜೀನ್ಸ್ ಬಿಟ್ಟು ಯಾವುದಾದರೂ ಒಳ್ಳೆಯ ಉಡುಪು ಸಾಕು, ಎಡಗಡೆ ಎದೆಯ ಮೇಲೆ ಸಂಘದ ಪಿನ್ ಇದ್ದರಾಯಿತು. ಮೊದಲ ಭಾನುವಾರ ಮಾತ್ರ ಅಡಿಯಿಂದ ಮುಡಿಯವರೆಗೆ ಬಿಳಿ. ಕೆನೆ ಬಣ್ಣವನ್ನೂ ಒಳಗೆ ಬಿಡುವುದಿಲ್ಲ.

ಬಾಗಿಲಲ್ಲಿ ನಿಂತು ಉಡುಪು ನೋಡುವ ಕೆಲಸ ಬ್ರಿಜೆಟಳದು. ಹೋದ ವರ್ಷ ಫೆಬ್ರುವರಿಯ ಮೊದಲ ಭಾನುವಾರ ಅವಳು ಲಿನ್ನಿಯಾಳನ್ನು ವಾಪಸ್ ಕಳಿಸಿದಳು. ಲಿನ್ನಿಯಾ ಅವಳ ಸ್ವಂತ ತಂಗಿಯಂಥವಳು. ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಸಂಘ ಒಬ್ಬ ಅಕ್ಕನನ್ನು ಗೊತ್ತು ಮಾಡುತ್ತದೆ. ಲಿನ್ನಿಯಾಳಿಗೆ ಬ್ರಿಜೆಟ್ ಸಿಕ್ಕಿದ್ದಳು. “ಇದು ಕೆನೆ ಕಣೇ, ಬದಲಾಯಿಸ್ಕೊಂಡು ಬಾ” ಎಂದಳಂತೆ. ಲಿನ್ನಿಯಾ ಹನ್ನೊಂದು ಮೈಲಿ ದೂರದ ಚಿಕ್ಕಮ್ಮನ ಮಗಳ ಮನೆಗೆ ಬಿಳಿ ಉಡುಪು ತರಲು ಕಾರಿನಲ್ಲಿ ಹೋದಳು. ನದಿಯ ಸೇತುವೆ ಮಂಜುಗಟ್ಟಿತ್ತು. ಅವಳು ಮರಳಿ ಬರಲಿಲ್ಲ.

ಅಂದಿನಿಂದ ಬ್ರಿಜೆಟ್ ಕೈಯಲ್ಲಿ ಒಂದು ಬಿಳಿ ಹಾಳೆ. ಪ್ರತಿಯೊಬ್ಬಳ ಉಡುಪಿಗೂ ಅದನ್ನು ಹಿಡಿದು ನೋಡಿಯೇ ಒಳಗೆ ಬಿಡುತ್ತಾಳೆ. ನಿಯಮ ಅಷ್ಟೇನೂ ದೊಡ್ಡದಲ್ಲ ಎಂದು ಒಪ್ಪಿಕೊಂಡರೆ ಆ ಮಗು ಯಾತಕ್ಕಾಗಿ ಸತ್ತಿತು ಎಂಬ ಪ್ರಶ್ನೆ ಏಳುತ್ತದಲ್ಲ, ಅದಕ್ಕೆ ಹೆದರಿದ್ದಳು. ಊಟ ಅರ್ಧವಾಯಿತು, ನಗು ನಿಂತಿತು.

ಈ ಫೆಬ್ರುವರಿಯ ಮೊದಲ ಭಾನುವಾರ ಎರಡು ಗಂಟೆಗೆ ನಾನು ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಮೆಟ್ಟಿಲ ಮೇಲಿಂದ ಒಬ್ಬಳು ಕೂಗಿದಳು.

“ಮಾಮ್! ನನ್ನ ಡ್ರೆಸ್ ಮೇಲೆ ಕೆಚಪ್ ಬಿತ್ತು, ಸತ್ತೆ ನಾನು!”

“ತೊಳೆದು ಒಣಗ್ಸಿ, ಕಲೆ ಮೇಲೆ ಸೀಮೆಸುಣ್ಣ ಉಜ್ಜೇ.”

“ಹಾಳೆ ರಾಣಿ ಕಂಡುಹಿಡಿದ್ಬಿಟ್ರೆ?”

“ಹಾಳೆ ರಾಣಿ ಇಲ್ಲೇ ಇದಾಳೆ,” ಎಂದಿತು ಇನ್ನೊಂದು ಧ್ವನಿ. ಬ್ರಿಜೆಟ್ ತನ್ನ ಉಡುಪು ತೋಳಿಗೆ ಹಾಕಿಕೊಂಡು ಇಳಿದು ಬರುತ್ತಿದ್ದಳು. ಮೇಲಿದ್ದವಳು ಕಿಸಕ್ಕನೆ ನಕ್ಕು ಓಡಿಹೋದಳು.

“ಮಾಮ್, ಇದೊಂದು ಇಸ್ತ್ರಿ ಮಾಡ್ಕೊಡಿ. ಕೊನೇ ಸಲ.”

“ಕೊನೇ ಸಲ ಅಂದ್ರೆ?”

“ಸಭೆ ಮುಗಿದ ಮೇಲೆ ಪಿನ್ ವಾಪಸ್ ಕೊಡ್ತೀನಿ. ನಾಳೆ ಅಪ್ಪ ಟ್ರಕ್ ತರ್ತಾರೆ. ಕಾಲೇಜೂ ಬೇಡ, ಏನೂ ಬೇಡ.”

“ಮಗಳೇ...”

“ಅವಳನ್ನ ಹೊರಗೆ ಕಳ್ಸಿದ್ದು ನಾನು, ಮಾಮ್. ಸಮಾಧಾನ ಹೇಳ್ಬೇಡಿ. ಎಲ್ರೂ ಹೇಳಿ ಆಯ್ತು.”

ನಾನು ಇಸ್ತ್ರಿ ಪೆಟ್ಟಿಗೆಯನ್ನು ನೇರ ನಿಲ್ಲಿಸಿದೆ. ಅವಳ ಬೆನ್ನ ಹಿಂದೆ ಸರಳಿನ ಕೊನೆಯಲ್ಲಿ ನಲವತ್ತೆರಡನೆಯದು ತೂಗುತ್ತಿತ್ತು. ಅದರ ಅಂಚಿನಿಂದ ಹನಿಯೊಂದು ನೆಲಕ್ಕೆ ಬಿತ್ತು. ಗಂಜಿ ಹಾಕಿದ ಬಟ್ಟೆ ಬಿಸಿಯಾದಾಗಿನ ವಾಸನೆ ಬಂತು, ಅದರ ಹಿಂದೆಯೇ ಕಿವಿಯ ಹತ್ತಿರ ಆ ಪುಟ್ಟ ಧ್ವನಿ. ಹನ್ನೊಂದು ತಿಂಗಳಿಂದ ಕೇಳುತ್ತಿರುವುದು ಅದೊಂದೇ ಮಾತು: *ಮಾಮ್, ಇದು ಬಿಳಿ ಅಲ್ವಾ?*

“ಬ್ರಿಜೆಟ್, ಅವತ್ತು ಅವಳು ಮೊದಲು ನನ್ಹತ್ರ ಬಂದಿದ್ಲು,” ಎಂದೆ. “ಇಲ್ಲೇ ನಿಂತು, ಇದು ಬಿಳಿ ತಾನೇ ಅಂತ ಕೇಳಿದ್ಲು. ಅವಳಿಗೇ ಅನುಮಾನ ಇತ್ತು. ಟೈಮೂ ಇತ್ತು, ಇನ್ನೂ ಎರಡು ಗಂಟೆ. ಬೇಕಿದ್ರೆ ನನ್ನ ಮಗಳ ಹಳೇ ಬಿಳಿ ಡ್ರೆಸ್ ಬೀರುನಲ್ಲಿತ್ತು, ಕೊಡ್ಬಹುದಿತ್ತು. ನಾನು ತಲೆ ಎತ್ತಿ ಸರಿಯಾಗಿ ನೋಡ್ಲೇ ಇಲ್ಲ. ಬಿಳೀನೇ ಹೋಗೇ ಅಂದೆ.”

ಬ್ರಿಜೆಟ್ ಬಗಲಲ್ಲಿದ್ದ ಕಡತದಿಂದ ತನ್ನ ಬಿಳಿ ಹಾಳೆ ತೆಗೆದಳು. ನೆತ್ತಿಯ ಮೇಲಿನ ಹಳದಿ ಬಲ್ಬಿನ ಕೆಳಗೆ ತನ್ನ ಉಡುಪಿಗೆ ಹಿಡಿದಳು, ಆಮೇಲೆ ನನ್ನ ಕೆನೆ ಬಣ್ಣದ ಏಪ್ರನ್ನಿಗೆ ಹಿಡಿದಳು. ಮತ್ತೆ ಉಡುಪಿಗೆ. ಬಹಳ ಹೊತ್ತು ಹಾಗೇ ನೋಡಿದಳು.

“ಇಲ್ಲಿ ಎಲ್ಲಾ ಒಂದೇ ಥರ ಕಾಣತ್ತೆ,” ಎಂದಳು.

ಉಡುಪು ಕೂಡ ತೆಗೆದುಕೊಳ್ಳದೆ ಮೆಟ್ಟಿಲು ಹತ್ತಿ ಹೋದಳು. ನಾನು ಅದನ್ನು ಇಸ್ತ್ರಿ ಮಾಡಿ ಅವಳ ಕೋಣೆಯ ಬಾಗಿಲಿಗೆ ತೂಗುಹಾಕಿ ಬಂದೆ. ಎಷ್ಟು ತೀಡಿದರೂ ಉಡುಪಿನ ತೋಳಿನ ಮೇಲೆ ಒಂದು ಸುಕ್ಕಿನ ಗೆರೆ ಉಳಿಯಿತು.

ನಾಲ್ಕಕ್ಕೆ ಸಭೆಯ ಕೋಣೆಯ ಬಾಗಿಲು ಮುಚ್ಚಿತು. ನಾನು ಬೆಂಚಿನಲ್ಲಿ ಕೂತು ಯಾರದೋ ಕಾಲುಚೀಲ ಹೊಲಿಯುತ್ತಿದ್ದೆ. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಒಳಗೆ ಹಾಜರಿಗೆ ಹೆಸರು ಕೂಗುವುದು ಮುಗಿದಿತ್ತು.

ಆಗ ಸಭೆಯ ಕೋಣೆಯ ಬಾಗಿಲು ತಟ್ಟಿದ ಸದ್ದು. ಮೂರು, ಸ್ವಲ್ಪ ಬಿಟ್ಟು ಒಂದು. ತಡವಾಗಿ ಬಂದವರು ಹಾಗೆಯೇ ತಟ್ಟಬೇಕು.

ಬಾಗಿಲ ಈಚೆ ಇದ್ದವಳು ನಾನೊಬ್ಬಳೇ. ನನ್ನ ಎರಡೂ ಕೈ ಮಡಿಲಲ್ಲಿದ್ದವು. ಹೊರಬಾಗಿಲಿನಿಂದ ಇಲ್ಲಿಯವರೆಗೆ ಕಾರ್ಪೆಟ್ಟಿನ ಮೇಲೆ ಒದ್ದೆ ಹೆಜ್ಜೆಗಳು ಬಂದು ನಿಂತಿದ್ದವು. ಸಣ್ಣ ಪಾದದ, ಹಿಮ್ಮಡಿ ಚೂಪಾದ ಚಪ್ಪಲಿಯವು. ಪಕ್ಕದಲ್ಲಿ ಚಳಿ. ಗಂಜಿಯ ವಾಸನೆ. ಮತ್ತೆ ಅದೇ ಪ್ರಶ್ನೆ.

ಈ ಸಲ ತಲೆ ಎತ್ತಿದೆ. ಏನೂ ಕಾಣಲಿಲ್ಲ, ಆದರೂ ನೋಡಿದೆ.

“ಬಿಳಿ ಅಲ್ಲ ಮಗಳೇ,” ಎಂದೆ. “ಕೆನೆ ಬಣ್ಣ. ನಾನು ನೋಡದೇ ಹೇಳ್ಬಿಟ್ಟೆ. ತಪ್ಪು ನಂದು.”

ಒಳಗಿನಿಂದ ಬ್ರಿಜೆಟಳ ಧ್ವನಿ ಬಂತು. “ಹೊರಗೆ ಯಾರು?”

ಸಂಘದವಳಲ್ಲದ ನನಗೆ ಉತ್ತರಿಸುವ ಹಕ್ಕಿಲ್ಲ. ಬಾಗಿಲು ತೆರೆಯಿತು. ಬ್ರಿಜೆಟ್ ಬಿಳಿ ಉಡುಪಿನಲ್ಲಿದ್ದಳು. ತೋಳಿನ ಮೇಲಿನ ಗೆರೆ ಹಾಗೇ ಇತ್ತು. ನನ್ನನ್ನು ನೋಡಲಿಲ್ಲ. ಒದ್ದೆ ಹೆಜ್ಜೆಗಳನ್ನು ನೋಡಿದಳು. ಹಾಳೆ ಹಿಡಿದ ಕೈ ಅಭ್ಯಾಸದಂತೆ ಮೇಲೇರಿತು, ನಡುವೆಯೇ ನಿಂತಿತು. ಹಾಳೆಯನ್ನು ಎರಡಾಗಿ, ನಾಲ್ಕಾಗಿ ಮಡಚಿ ಹಿಂದೆ ಹಿಡಿದುಕೊಂಡಳು. ಪಕ್ಕಕ್ಕೆ ಸರಿದಳು.

“ಬಾರೇ,” ಎಂದಳು. “ಹೀಗೇ ಬಾ. ನಿನ್ನ ಜಾಗ ಹಾಗೇ ಇದೆ.”

ನನ್ನ ಮಗ್ಗುಲ ಚಳಿ ಹೊಸ್ತಿಲು ದಾಟಿ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಒಳಗೆ ಬ್ರಿಜೆಟ್ ಒಂದು ಹೆಸರು ಕೂಗಿದಳು. ಉತ್ತರ ಬಂತೋ ಇಲ್ಲವೋ, ನನಗೆ ಕೇಳುವಂತಿರಲಿಲ್ಲ.

ಸಭೆ ಮುಗಿದ ಮೇಲೆ ಅವಳು ಅಡುಗೆಮನೆಗೆ ಬಂದಳು. ಎದೆಯ ಮೇಲೆ ಪಿನ್ ಇನ್ನೂ ಇತ್ತು. ಬಟ್ಟಲಿಗೆ ಸೂಪ್ ಬಡಿಸಿದೆ. ನಿಂತೇ ಕುಡಿದಳು, ಪೂರ್ತಿ.

“ಒಂದು ವರ್ಷ ಯಾಕೆ ಹೇಳ್ಲಿಲ್ಲ, ಮಾಮ್?”

“ನೀನು ನನ್ನ ಮುಖ ನೋಡಲ್ಲ ಅಂತ ಹೆದರಿದ್ದೆ.”

“ಇವತ್ತು ನೋಡೋಕಾಗ್ತಿಲ್ಲ,” ಎಂದಳು, ಬಟ್ಟಲಿನಿಂದ ಕಣ್ಣೆತ್ತದೆ. ಆಮೇಲೆ ಅದನ್ನೇ ಮುಂದೆ ಚಾಚಿದಳು. “ಇನ್ನೊಂದು ಸೌಟು ಹಾಕಿ. ನಾಳೆ ಅಪ್ಪ ಬಂದ್ರೆ ಊಟ ಮಾಡ್ಕೊಂಡು ಒಬ್ರೇ ಹೋಗ್ತಾರೆ. ಮತ್ತೆ ಕೆಳಗಡೆ ಆ ಬಲ್ಬ್ ಬದಲಾಯ್ಸಿ.”

ಸೋಮವಾರ ಬೆಳಿಗ್ಗೆ ಸ್ಟೂಲು ಹತ್ತಿ ಬಲ್ಬ್ ಬದಲಾಯಿಸಿದೆ. ಹೊಸ ಬೆಳಕಿನಲ್ಲಿ ನನ್ನ ಏಪ್ರನ್ ಎಂಥ ಹಳದಿಯೆಂದು ನನಗೇ ನಾಚಿಕೆಯಾಯಿತು. ಸರಳಿನ ಕೊನೆಯಲ್ಲಿ ನಲವತ್ತೆರಡನೆಯ ಹ್ಯಾಂಗರ್ ಖಾಲಿಯಾಗಿ ತೂಗುತ್ತಿತ್ತು. ಅದರ ಕೆಳಗಿನ ನೆಲ ಒಣಗಿತ್ತು. ತೆಗೆದಿಡೋಣವೆಂದು ಕೈ ಚಾಚಿದೆ, ಮನಸ್ಸಾಗದೆ ಅಲ್ಲಿಯೇ ಬಿಟ್ಟೆ.